ಗುಲಾಮಗಿರಿ ಕಾಲದ ಅಮೆರಿಕದ ಮನೆತನದ ಪತ್ರಗಳನ್ನು ಓದುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಗುಲಾಮಗಿರಿ ಕಾಲದ ಸಾವಿರಾರು ಕೈಬರಹದ ಪತ್ರಗಳನ್ನು ಅಮೆರಿಕದ ಲೈಬ್ರರಿಗಳು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿವೆ. ಶಿರಸಿಯಲ್ಲೋ ರಾಯಚೂರಿನಲ್ಲೋ ಕೂತು ದುಡ್ಡು ಕೊಡದೆ ಓದಬಹುದು. ಆದರೂ ಪ್ರಾಜೆಕ್ಟಿಗೆ, ಅನುವಾದಕ್ಕೆ ಅಂತ ಓದಲು ಕೂತವರು ಒಂದೇ ಜಾಗದಲ್ಲಿ ಕೈಚೆಲ್ಲುತ್ತಾರೆ. ನೇರವಾಗಿ ಒಂದು ಪತ್ರ ತೆರೆಯುತ್ತಾರೆ. ಅಕ್ಷರ ಬಿಡಿಸಲು ಆಗುವುದಿಲ್ಲ. ಕಷ್ಟಪಟ್ಟು ಬಿಡಿಸಿದರೆ ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯುವುದಿಲ್ಲ. ಯಾರನ್ನು ಹುಡುಕಿಕೊಂಡು ಬಂದರೋ ಆ ಗುಲಾಮ ಹೆಣ್ಣುಮಗಳ ಹೆಸರು ಎಲ್ಲೂ ಕಾಣುವುದಿಲ್ಲ. ‘ಇಲ್ಲಿ ಏನೂ ಇಲ್ಲ’ ಅಂತ ಮುಚ್ಚಿಬಿಡುತ್ತಾರೆ.

ಎಷ್ಟೋ ಸಲ ಬೇಕಾದದ್ದು ಅಲ್ಲೇ ಇರುತ್ತದೆ, ಓದುವ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಪತ್ರವನ್ನು ಕೊನೆಗೆ ಓದಬೇಕು. ಮೊದಲು ಮನೆತನ, ಆಮೇಲೆ ಪಟ್ಟಿಗಳು ಮತ್ತು ಹೆಸರುಗಳು, ಅದಾದ ಮೇಲೆ ಪತ್ರ. ಸುಮ್ನೆ ನಿಯಮ ಹೇಳಿದರೆ ತಲೆಗೆ ಹತ್ತುವುದಿಲ್ಲ. ಹಾಗಾಗಿ ಹ್ಯಾರಿಯೆಟ್ ಜೇಕಬ್ಸ್ ಎಂಬ ಒಬ್ಬ ಹೆಣ್ಣುಮಗಳ ಜಾಡನ್ನೇ ಮೊದಲಿಂದ ಕೊನೆಯವರೆಗೆ ಉದಾಹರಣೆಯಾಗಿ ಹಿಡಿದಿದ್ದೇನೆ. ಆಕೆ 1813ರಲ್ಲಿ ನಾರ್ತ್ ಕೆರೊಲಿನಾದ ಈಡೆಂಟನ್ ಊರಿನಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವಳು.

ಹಂತ 1: ಬೇಕಾದ ಸಾಮಾನು

ದೊಡ್ಡ ಪರದೆ ಬೇಕು. ಮೊಬೈಲಿನಲ್ಲಿ ಈ ಕೆಲಸ ಆಗುವುದಿಲ್ಲ. ಅರ್ಧ ಪರದೆಯಲ್ಲಿ ಪತ್ರದ ಚಿತ್ರ, ಇನ್ನರ್ಧದಲ್ಲಿ ನೀವು ಟೈಪ್ ಮಾಡುವ ಫೈಲ್ ಇರಲಿ. ಹೆಸರುಗಳಿಗೆ ಒಂದು ಎಕ್ಸೆಲ್ ಶೀಟ್. ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ, ಕಪ್ಪು ಬಿಳುಪನ್ನು ತಿರುಗಿಸುವ ಯಾವುದಾದರೂ ಸರಳ ಆ್ಯಪ್. ಮಸುಕಾದ ಶಾಯಿ ಬಣ್ಣ ತಿರುಗಿಸಿದಾಗ ಎದ್ದು ಕಾಣುತ್ತದೆ.

ಜೊತೆಗೆ 1828ರ ವೆಬ್‌ಸ್ಟರ್ ನಿಘಂಟು ಇಟ್ಟುಕೊಳ್ಳಿ, ಅದು ಆನ್‌ಲೈನಿನಲ್ಲೇ ಸಿಗುತ್ತದೆ. ಇಂದಿನ ನಿಘಂಟು ನೋಡಿದರೆ ಹಲವು ಪದಗಳಿಗೆ ತಪ್ಪು ಅರ್ಥ ಸಿಗುತ್ತದೆ. ‘ಲೈಕ್ಲಿ’ ಅನ್ನುವುದು ಅಂಥ ಒಂದು ಪದ. ಮಾರಾಟದ ಕಾಗದದಲ್ಲಿ ‘ಲೈಕ್ಲಿ ಬಾಯ್’ ಅಂದರೆ ಗಟ್ಟಿಮುಟ್ಟಾದ, ಒಳ್ಳೆ ಬೆಲೆ ಬರುವ ಹುಡುಗ.

ಹಂತ 2: ವ್ಯಕ್ತಿಯ ಹೆಸರು ಬಿಡಿ, ಮನೆತನ ಹುಡುಕಿ

ಈ ಕಾಗದಗಳಲ್ಲಿ ಹೆಚ್ಚಿನವನ್ನು ಕಾಪಾಡಿಕೊಂಡು ಬಂದದ್ದು ಒಡೆಯರ ಮನೆಯವರು. ಆದ್ದರಿಂದ ಕ್ಯಾಟಲಾಗಿನಲ್ಲೂ ಅವರದ್ದೇ ಹೆಸರು. ನಾರ್ತ್ ಕೆರೊಲಿನಾ ರಾಜ್ಯದ ದಾಖಲೆ ಸಂಗ್ರಹದಲ್ಲಿ ನೀವು ‘ಹ್ಯಾರಿಯೆಟ್ ಜೇಕಬ್ಸ್’ ಅಂತ ಹುಡುಕಿದರೆ, ಆಕೆ ಬೆಳೆದ ಮನೆಯ ಕಾಗದಗಳು ಕಣ್ಣಿಗೆ ಬೀಳದೇ ಹೋಗಬಹುದು. ‘ನಾರ್ಕಂ’ ಅಂತ ಹುಡುಕಬೇಕು. ಡಾಕ್ಟರ್ ಜೇಮ್ಸ್ ನಾರ್ಕಂ ಆ ಮನೆಯ ಯಜಮಾನ.

ಕ್ರಮ ಹೀಗೆ ಇರಲಿ. ನಿಮ್ಮ ಕೈಯಲ್ಲಿರುವ ಹೆಸರಿನಿಂದ ಊರಿಗೆ ಹೋಗಿ. ಊರಿನಿಂದ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಘಟಕಕ್ಕೆ. ಕೌಂಟಿಯಿಂದ ಒಡೆಯರ ಮನೆತನಕ್ಕೆ. ಅಲ್ಲಿಂದ ಆ ಮನೆತನದ ಕಾಗದ ಈಗ ಯಾವ ಲೈಬ್ರರಿಯಲ್ಲಿದೆ ಅನ್ನುವುದಕ್ಕೆ. ಮನೆತನವೇ ಗೊತ್ತಿಲ್ಲದಿದ್ದರೆ ಆಗಿನ ಪತ್ರಿಕೆಗಳ ‘ಓಡಿಹೋಗಿದ್ದಾಳೆ, ಹಿಡಿದುಕೊಟ್ಟವರಿಗೆ ಬಹುಮಾನ’ ಜಾಹೀರಾತಿನಿಂದ ಶುರುಮಾಡಿ. ಅದರಲ್ಲಿ ಒಡೆಯನ ಹೆಸರು ಮತ್ತು ಊರು ಎರಡೂ ಸಿಗುತ್ತವೆ. 1835ರಲ್ಲಿ ನಾರ್ಕಂ ವರ್ಜೀನಿಯಾದ ಒಂದು ಪತ್ರಿಕೆಯಲ್ಲಿ ಹ್ಯಾರಿಯೆಟ್‌ಗಾಗಿ 100 ಡಾಲರ್ ಬಹುಮಾನದ ಇಂಥದ್ದೇ ಜಾಹೀರಾತು ಹಾಕಿದ್ದ.

ಗುಲಾಮಗಿರಿ ಬೇರೂರಿದ್ದ ದಕ್ಷಿಣದ ರಾಜ್ಯಗಳ ಮನೆತನಗಳಿಗೆ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ ಮತ್ತು ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯದ ಸಂಗ್ರಹಗಳನ್ನು ಮೊದಲು ನೋಡಿ. ಗುಲಾಮಗಿರಿ ವಿರೋಧಿಗಳ ಪತ್ರಗಳಿಗೆ ಬಾಸ್ಟನ್ ಪಬ್ಲಿಕ್ ಲೈಬ್ರರಿ ದೊಡ್ಡ ಗಣಿ, ಅಲ್ಲಿ ಸುಮಾರು 40,000 ವಸ್ತುಗಳಿವೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಕಾಗದಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಗುಲಾಮಗಿರಿ ವಿರೋಧಿಗಳಾದ ಐಸಾಕ್ ಮತ್ತು ಏಮಿ ಪೋಸ್ಟ್ ದಂಪತಿಯ ಕುಟುಂಬದ ಕಾಗದಗಳು ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿವೆ. ಹ್ಯಾರಿಯೆಟ್ ಬರೆದ ಪತ್ರಗಳು ಸಿಗುವುದು ಈ ಪೋಸ್ಟ್ ಕುಟುಂಬದ ಕಟ್ಟಿನಲ್ಲಿ.

ಒಂದು ಸಾಮಾನ್ಯ ತಪ್ಪು: ಗುಲಾಮಗಿರಿಯಲ್ಲಿದ್ದವರಿಗೆ ಒಡೆಯನ ಮನೆತನದ ಹೆಸರನ್ನೇ ಅಂಟಿಸಿ ‘ಹ್ಯಾರಿಯೆಟ್ ನಾರ್ಕಂ’ ಅಂತ ಹುಡುಕುವುದು. ಆಕೆಯ ‘ಜೇಕಬ್ಸ್’ ತಂದೆಯ ಕಡೆಯಿಂದ ಬಂದ ಹೆಸರು. ಒಡೆಯರ ಕಾಗದದಲ್ಲಿ ಬರೀ ‘ಹ್ಯಾರಿಯೆಟ್’ ಎಂದಷ್ಟೇ ಇರುತ್ತದೆ.

ಹಂತ 3: ಫೈಂಡಿಂಗ್ ಏಡ್ ಪೂರ್ತಿ ಓದಿ

ಪ್ರತಿ ಸಂಗ್ರಹಕ್ಕೂ ಒಂದು ವಿವರಪಟ್ಟಿ ಇರುತ್ತದೆ. ಅದಕ್ಕೆ ಫೈಂಡಿಂಗ್ ಏಡ್ ಅಂತಾರೆ. ಮನೆತನದ ಪರಿಚಯ, ಯಾವ ಪೆಟ್ಟಿಗೆಯ ಯಾವ ಫೋಲ್ಡರಿನಲ್ಲಿ ಯಾವ ವರ್ಷದ ಕಾಗದವಿದೆ, ಎಲ್ಲಾ ಅದರಲ್ಲಿರುತ್ತದೆ. ಮುಕ್ಕಾಲು ಜನ ಇದನ್ನು ಬಿಟ್ಟು ನೇರ ಚಿತ್ರಗಳಿಗೆ ಹಾರುತ್ತಾರೆ. ಒಂದು ಗಂಟೆ ಉಳಿಸಲು ಹೋಗಿ ಒಂದು ವಾರ ಕಳೆದುಕೊಳ್ಳುತ್ತಾರೆ.

ಓದುವಾಗ ಮೂರು ವಿಷಯ ಬರೆದುಕೊಳ್ಳಿ: ಮನೆಯ ಹೆಣ್ಣುಮಕ್ಕಳು ಯಾವ ಮನೆಗೆ ಮದುವೆಯಾಗಿ ಹೋದರು, ಯಾವ ವರ್ಷಗಳ ಕಾಗದ ಇಲ್ಲವೇ ಇಲ್ಲ, ಎಷ್ಟು ಭಾಗ ಸ್ಕ್ಯಾನ್ ಆಗಿದೆ. ಮೊದಲನೆಯದು ಯಾಕೆ ಮುಖ್ಯ ಅಂದರೆ, ಮಗಳ ಮದುವೆಯಲ್ಲಿ ಮನುಷ್ಯರನ್ನೂ ಬಳುವಳಿಯಾಗಿ ಕೊಡುತ್ತಿದ್ದರು. ಒಂದು ಮನೆಯ ಪಟ್ಟಿಯಿಂದ ಮಾಯವಾದ ಹುಡುಗಿ ಅಳಿಯನ ಮನೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾಳೆ.

ಎಚ್ಚರಿಕೆ: ಆನ್‌ಲೈನಿನಲ್ಲಿ ಕಾಣದ್ದು ಪೆಟ್ಟಿಗೆಯಲ್ಲೂ ಇಲ್ಲ ಎಂದುಕೊಳ್ಳಬೇಡಿ. ಸ್ಕ್ಯಾನ್ ಆಗಿರುವುದು ಆಯ್ದ ಭಾಗ ಮಾತ್ರ ಆಗಿರಬಹುದು.

ಹಂತ 4: ಪತ್ರಕ್ಕಿಂತ ಮೊದಲು ಉಯಿಲು ಮತ್ತು ಲೆಕ್ಕದ ಪುಸ್ತಕ

ಇಡೀ ಕೆಲಸದ ಬೆನ್ನೆಲುಬು ಈ ಹಂತ. ಇಲ್ಲಿ ಸಮಯ ಜಾಸ್ತಿ ಕೊಡಿ.

ಪತ್ರಗಳಲ್ಲಿ ಗುಲಾಮಗಿರಿಯಲ್ಲಿದ್ದವರು ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ‘ಸ್ಯಾಲಿಗೆ ಹುಷಾರಿಲ್ಲ’ ಅಷ್ಟೇ. ಯಾರು ಸ್ಯಾಲಿ? ಮನೆಯ ಮಗಳೋ, ಪಕ್ಕದ ಮನೆಯವಳೋ, ಅಡುಗೆಮನೆಯಲ್ಲಿ ದುಡಿಯುವ ಗುಲಾಮಳೋ? ಪತ್ರ ಅದನ್ನು ಹೇಳುವುದಿಲ್ಲ, ಓದುವವರಿಗೆ ಗೊತ್ತೇ ಇತ್ತಲ್ಲ. ನಮಗೆ ಗೊತ್ತಾಗಬೇಕಾದರೆ ಲೆಕ್ಕದ ಪುಸ್ತಕ ನೋಡಬೇಕು. ವರ್ಷಕ್ಕೊಮ್ಮೆ ಬಟ್ಟೆ, ಬೂಟು, ಕಂಬಳಿ ಹಂಚಿದ ಪಟ್ಟಿಗಳು ಅದರಲ್ಲಿ ಇರುತ್ತವೆ. ಎಷ್ಟೋ ಕಡೆ ತಾಯಿ ಮತ್ತು ಮಕ್ಕಳನ್ನು ಒಟ್ಟಿಗೆ ಬರೆದಿರುತ್ತಾರೆ. ತಂದೆಯ ಹೆಸರು ಅನೇಕ ಸಲ ಇರುವುದಿಲ್ಲ. ಹುಟ್ಟಿದ ಮಗು ತಾಯಿಯ ಒಡೆಯನಿಗೆ ಸೇರುತ್ತದೆ ಎಂಬ ಕಾನೂನು ವರ್ಜೀನಿಯಾದಲ್ಲಿ 1662ರಲ್ಲೇ ಬಂದಿತ್ತು. ಲೆಕ್ಕ ಇಡುವವನಿಗೆ ತಂದೆಯ ಹೆಸರು ಬೇಕಿರಲಿಲ್ಲ.

ಹತ್ತಿ ತೋಟದ ಪುಸ್ತಕಗಳಲ್ಲಿ ಯಾರು ಯಾವ ದಿನ ಎಷ್ಟು ಪೌಂಡ್ ಹತ್ತಿ ಬಿಡಿಸಿದರು ಅಂತ ಹೆಸರಿನ ಮುಂದೆ ಅಂಕಿ ಇರುತ್ತದೆ. ಒಬ್ಬ ಹೆಂಗಸಿನ ಅಂಕಿ ಕೆಲವು ವಾರ ಖಾಲಿ ಬಿದ್ದಿದ್ದರೆ ಕಾಯಿಲೆ, ಹೆರಿಗೆ, ಓಡಿಹೋದದ್ದು ಯಾವುದೂ ಆಗಿರಬಹುದು. ಅದೇ ತಿಂಗಳ ಪತ್ರ ತೆರೆದರೆ ಕಾರಣ ಸಿಗುವ ಸಾಧ್ಯತೆ ಇದೆ. (1861ರಿಂದ 65ರ ಅಂತರ್ಯುದ್ಧದಲ್ಲಿ ಇದೇ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಆ ಅಂಕಿಗಳು ನಮಗೆ ಅಷ್ಟೇನೂ ದೂರದವಲ್ಲ.)

ಉಯಿಲು ಇನ್ನೂ ಮುಖ್ಯ. ಜಾಹೀರಾತಿನಲ್ಲಿ ನಾರ್ಕಂ ‘ನನ್ನ’ ಹುಡುಗಿ ಹ್ಯಾರಿಯೆಟ್ ಅನ್ನುತ್ತಾನೆ. ಆದರೆ 1825ರ ಒಂದು ಉಯಿಲಿನ ಪ್ರಕಾರ ಹ್ಯಾರಿಯೆಟ್ ಸೇರಬೇಕಾದದ್ದು ನಾರ್ಕಂನ ಮಗಳಿಗೆ, ಆಗ ಇನ್ನೂ ಮೂರು ವರ್ಷದ ಮಗುವಿಗೆ. ಅಂದರೆ ಪತ್ರದಲ್ಲಿ ‘ನನ್ನ’ ಅಂದ ಮಾತ್ರಕ್ಕೆ ಕಾನೂನಿನ ಒಡೆತನ ಅವನದ್ದೇ ಎಂದುಕೊಳ್ಳುವ ಹಾಗಿಲ್ಲ. ಉಯಿಲಿನಲ್ಲಿ ‘ಇನ್‌ಕ್ರೀಸ್’ ಎಂಬ ಪದ ಕಂಡರೆ ಅಲ್ಲೇ ನಿಲ್ಲಿ. ‘ಅವಳು ಮತ್ತು ಅವಳ ಇನ್‌ಕ್ರೀಸ್’ ಅಂದರೆ ಆ ಹೆಂಗಸಿಗೆ ಮುಂದೆ ಹುಟ್ಟುವ ಮಕ್ಕಳು. ಇನ್ನೂ ಹುಟ್ಟದ ಮಕ್ಕಳನ್ನೂ ದನದ ಹಿಂಡಿನ ಹಾಗೆ ಬರೆದುಕೊಡುತ್ತಿದ್ದರು.

ಇಷ್ಟೆಲ್ಲಾ ನೋಡುತ್ತಾ ಹೆಸರಿನ ಶೀಟ್ ತುಂಬಿ. ಕಾಲಂಗಳು: ಹೆಸರು, ಕಾಗದದಲ್ಲಿ ಇರುವ ಕಾಗುಣಿತ, ವಯಸ್ಸು, ತಾಯಿ, ಕೆಲಸ, ಯಾವ ಕಾಗದ, ಯಾವ ತಾರೀಖು. ಒಂದೇ ಹೆಸರಿನ ಇಬ್ಬರು ಮೂವರು ಇರುತ್ತಾರೆ. ‘ಬಿಗ್ ಜಿಮ್’, ‘ಲಿಟಲ್ ಜಿಮ್’, ‘ಓಲ್ಡ್ ಜಿಮ್’ ಅಂತ ಇದ್ದರೆ ಸೇರಿಸಿ ಒಂದು ಮಾಡಬೇಡಿ. ಬೇರೆಬೇರೆ ಸಾಲಿನಲ್ಲೇ ಇರಲಿ. ಎರಡು ಪುರಾವೆ ಸಿಕ್ಕಾಗ ಮಾತ್ರ ಕೂಡಿಸಿ.

ಹಂತ 5: ಪುಟಗಳ ಕ್ರಮ ಸರಿಮಾಡಿಕೊಳ್ಳಿ

ಈಗ ಪತ್ರ ತೆರೆಯಬಹುದು. ಆದರೆ ಓದುವ ಮುಂಚೆ ಹಾಳೆಯನ್ನು ಅರ್ಥಮಾಡಿಕೊಳ್ಳಿ.

ಆ ಕಾಲದಲ್ಲಿ ದೊಡ್ಡ ಹಾಳೆಯೊಂದನ್ನು ನಡುವೆ ಮಡಚಿ ನಾಲ್ಕು ಪುಟ ಮಾಡುತ್ತಿದ್ದರು. ಸ್ಕ್ಯಾನ್ ಮಾಡುವಾಗ ಹಾಳೆಯನ್ನು ಬಿಚ್ಚಿ ಇಡುತ್ತಾರೆ. ಆಗ ಮೊದಲ ಚಿತ್ರದ ಎಡಗಡೆ ಇರುವುದು ನಾಲ್ಕನೇ ಪುಟ, ಬಲಗಡೆ ಇರುವುದು ಒಂದನೇ ಪುಟ. ಎರಡನೇ ಚಿತ್ರದಲ್ಲಿ ಎರಡು ಮತ್ತು ಮೂರು. ಎಡದಿಂದ ಬಲಕ್ಕೆ ಓದಿದರೆ ಪತ್ರದ ಕೊನೆ ಮೊದಲು ಬರುತ್ತದೆ. ‘ಪ್ರಿಯ’ ಎಂಬ ಸಂಬೋಧನೆ ಬಲಗಡೆ ಕಂಡರೆ ನಿಮಗೆ ಸಿಕ್ಕಿರುವುದು ಇಂಥ ಹಾಳೆ.

1845ಕ್ಕಿಂತ ಮುಂಚೆ ಅಂಚೆ ದರ ಹಾಳೆಗಳ ಲೆಕ್ಕ ಮತ್ತು ದೂರದ ಮೇಲಿತ್ತು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಹಾಗಾಗಿ ಪತ್ರವನ್ನೇ ಮಡಚಿ, ಅರಗು ಹಾಕಿ, ಹೊರಗಡೆ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೇ ಮತ್ತೆ ಬರೆಯುತ್ತಿದ್ದರು. ಇಂಥ ಪುಟ ಕಂಡು ಹೆದರಬೇಡಿ. ಒಂದು ದಿಕ್ಕಿನ ಸಾಲು ಪೂರ್ತಿ ಓದಿ, ಆಮೇಲೆ ಚಿತ್ರವನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ದಿಕ್ಕು ಓದಿ.

ಮಡಿಕೆಯ ಮೇಲೆ ಬೇರೆ ಕೈಬರಹದಲ್ಲಿ ಪುಟ್ಟ ಟಿಪ್ಪಣಿ ಇರಬಹುದು: ಕಳಿಸಿದವರ ಹೆಸರು, ತಾರೀಖು. ಅದು ಪತ್ರ ಪಡೆದವರು ಕಟ್ಟಿಡುವಾಗ ಬರೆದುಕೊಂಡದ್ದು. ವರ್ಷವಿಲ್ಲದ ಪತ್ರಕ್ಕೆ ಅಲ್ಲಿ ವರ್ಷ ಸಿಕ್ಕೀತು.

ಹಂತ 6: ತಾರೀಖು ಮತ್ತು ಊರು

ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 7/8 ಅಂದರೆ ಜುಲೈ 8. ನಮ್ಮ ಕಣ್ಣು ಅದನ್ನು ಆಗಸ್ಟ್ 7 ಅಂತಲೇ ಓದುತ್ತದೆ. ಲೆಕ್ಕದ ಪುಸ್ತಕದಲ್ಲಿ ಈ ತಪ್ಪು ಆಗುವುದು ಜಾಸ್ತಿ.

ಗುಲಾಮಗಿರಿ ವಿರೋಧಿಗಳಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಅನೇಕರು. ಪೋಸ್ಟ್ ದಂಪತಿಯೂ ಆ ಹಿನ್ನೆಲೆಯವರೇ. ವಾರ ಮತ್ತು ತಿಂಗಳ ಹೆಸರು ಬಳಸದೆ ಅವರು ‘ಮೊದಲ ದಿನ’, ‘ಐದನೇ ತಿಂಗಳು’ ಅಂತ ಬರೆಯುತ್ತಾರೆ. ಮೊದಲ ದಿನ ಅಂದರೆ ಭಾನುವಾರ. 1752ರ ನಂತರದ ಕಾಗದಗಳಲ್ಲಿ ಐದನೇ ತಿಂಗಳು ಅಂದರೆ ಮೇ. ಇನ್ನು ‘ಇನ್‌ಸ್ಟಂಟ್’ ಅಂದರೆ ಇದೇ ತಿಂಗಳು, ‘ಅಲ್ಟಿಮೊ’ ಅಂದರೆ ಹೋದ ತಿಂಗಳು. ಎರಡನ್ನೂ ಮೊಟಕು ಮಾಡಿ ಬರೆದಿರುತ್ತಾರೆ. ಹಳೆಯ ಕಾಗದಗಳಲ್ಲಿ 7ರ ಅಂಕಿಯ ಮುಂದೆ ‘ಬರ್’ ಅಂತಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್.

ವರ್ಷವೇ ಇಲ್ಲದಿದ್ದರೆ ಗೊತ್ತಿರುವ ಘಟನೆಗಳ ನಡುವೆ ಸಿಕ್ಕಿಸಿ. ಹ್ಯಾರಿಯೆಟ್ 1842ರಲ್ಲಿ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ತಪ್ಪಿಸಿಕೊಂಡಳು. 1852ರಲ್ಲಿ 300 ಡಾಲರ್ ಕೊಟ್ಟು ಆಕೆಯನ್ನು ಬಿಡುಗಡೆ ಮಾಡಿಸಲಾಯಿತು. 1853ರಲ್ಲಿ ಅಜ್ಜಿ ತೀರಿಕೊಂಡಳು. ಅಜ್ಜಿಯ ಸಾವಿನ ಮಾತು ಬಂದ ಪತ್ರ 1853ಕ್ಕಿಂತ ಹಿಂದಿನದು ಆಗಲು ಸಾಧ್ಯವಿಲ್ಲ, ಅಲ್ವಾ? ಹೀಗೆ ಊಹಿಸಿದ ವರ್ಷವನ್ನು ಚೌಕ ಆವರಣದಲ್ಲಿ, ಪ್ರಶ್ನೆ ಚಿಹ್ನೆಯೊಂದಿಗೆ ಬರೆಯಿರಿ.

ಊರಿನ ಹೆಸರನ್ನೂ ಕಣ್ಣುಮುಚ್ಚಿ ನಂಬಬೇಡಿ. ತಪ್ಪಿಸಿಕೊಳ್ಳುವ ಮೊದಲು ಹ್ಯಾರಿಯೆಟ್ ಸುಮಾರು ಏಳು ವರ್ಷ ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿದ್ದಳು. ಅತಿ ಎತ್ತರದ ಕಡೆಯೂ ಮೂರೇ ಅಡಿ ಇದ್ದ ಜಾಗ ಅದು. ಅಲ್ಲಿಂದಲೇ ನ್ಯೂಯಾರ್ಕಿನ ಹೆಸರು ಹಾಕಿ ನಾರ್ಕಂಗೆ ಪತ್ರ ಬರೆದು, ಉತ್ತರಕ್ಕೆ ಹೋಗುವವರ ಕೈಯಲ್ಲಿ ಕೊಟ್ಟು, ಅಲ್ಲಿನ ಅಂಚೆಗೆ ಹಾಕಿಸಿದಳು. ಒಡೆಯ ಆಕೆಯನ್ನು ಉತ್ತರದಲ್ಲಿ ಹುಡುಕಲಿ ಅಂತ. ತಲೆಬರಹದಲ್ಲಿ ನ್ಯೂಯಾರ್ಕ್, ಬರೆದದ್ದು ಈಡೆಂಟನ್ನಿನಲ್ಲಿ.

ಹಂತ 7: ಇದ್ದದ್ದು ಇದ್ದ ಹಾಗೇ ನಕಲು ಮಾಡಿ

ತಪ್ಪು ಕಾಗುಣಿತ ತಿದ್ದಬೇಡಿ. ಪೂರ್ಣವಿರಾಮ ಸೇರಿಸಬೇಡಿ. ಮೂಲದ ಸಾಲು ಎಲ್ಲಿ ಮುರಿಯುತ್ತದೋ ನಿಮ್ಮ ಸಾಲೂ ಅಲ್ಲೇ ಮುರಿಯಲಿ. ಓದಲಾಗದ ಪದಕ್ಕೆ ಚೌಕ ಆವರಣ ಹಾಕಿ ‘ಓದಲಾಗದು’ ಎಂದು ಬರೆದು ಮುಂದೆ ಹೋಗಿ. ಒಂದೇ ಪದದ ಮೇಲೆ ಅರ್ಧ ಗಂಟೆ ಕೂರಬೇಡಿ. ಎರಡು ಪುಟ ಮುಂದೆ ಅದೇ ಪದ ಸ್ಪಷ್ಟವಾಗಿ ಸಿಗಬಹುದು. ಎರಡು ‘ಎಸ್’ ಜೊತೆಗೆ ಬಂದಾಗ ಮೊದಲನೆಯದು ಉದ್ದವಾಗಿ ‘ಎಫ್’ ಹಾಗೆ ಕಾಣುತ್ತದೆ. ಹೊಸಬರು ಎಡವುವ ಮೊದಲ ಅಕ್ಷರವೇ ಅದು.

ಚಾಟ್‌ಬಾಟ್‌ಗೆ ಚಿತ್ರ ಕೊಟ್ಟು ಪಠ್ಯ ತೆಗೆಸುವವರಿಗೆ ಒಂದು ಮಾತು. ಕೇಳಿದ ಹಾಗೆ ಬರೆದ ಕಾಗುಣಿತವನ್ನು ಅದು ತಾನಾಗಿ ತಿದ್ದಿ ಕೊಡಬಹುದು. ಗೊತ್ತಾಗದ ಪದಕ್ಕೆ ಹೊಂದುವ ಪದ ತುಂಬಿಸಬಹುದು. ಹೆಸರುಗಳಲ್ಲಂತೂ ಇದು ಅಪಾಯ. ಮೊದಲ ಕರಡಿಗೆ ಬಳಸಿದರೂ ಪ್ರತಿ ಸಾಲನ್ನು ಚಿತ್ರದ ಜೊತೆ ಹೋಲಿಸಿ. ಓದಿದ್ದು ಸರಾಗವಾಗಿ, ಎಲ್ಲೂ ತಡೆಯಿಲ್ಲದೆ ಇದ್ದರೆ ಅದೇ ಅನುಮಾನದ ಗುರುತು.

ಯಾಕಿಷ್ಟು ಹಟ ಅಂದರೆ, ಹ್ಯಾರಿಯೆಟ್ 1861ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಬಹುಕಾಲ ಅನೇಕ ವಿದ್ವಾಂಸರು ಬಿಳಿಯ ಲೇಖಕಿಯೊಬ್ಬರ ಕಾದಂಬರಿ ಎಂದೇ ತಳ್ಳಿಹಾಕಿದ್ದರು. 1980ರ ದಶಕದಲ್ಲಿ ಸಂಶೋಧಕಿ ಜೀನ್ ಫೇಗನ್ ಯೆಲಿನ್ ಆ ಮಾತನ್ನು ಉರುಳಿಸಿದರು. ಅವರಿಗೆ ದೊಡ್ಡ ಆಧಾರವಾದದ್ದು ಏಮಿ ಪೋಸ್ಟ್‌ಗೆ ಹ್ಯಾರಿಯೆಟ್ ಬರೆದ ಪತ್ರಗಳು. ನಡುವೆ ಯಾರೋ ಒಬ್ಬರು ‘ಚೆಂದ ಮಾಡಿ’ ಮೂಲವನ್ನು ಎಸೆದಿದ್ದರೆ ಆ ದನಿ ಅಲ್ಲಿಗೇ ಅಳಿದುಹೋಗುತ್ತಿತ್ತು.

ಹಂತ 8: ಮುಸುಕು ಹಾಕಿದ ಪದಗಳು, ಕನ್ನಡದಲ್ಲಿ ಏನೆನ್ನಬೇಕು

ದಕ್ಷಿಣದ ಮನೆತನದ ಪತ್ರಗಳಲ್ಲಿ ‘ಸ್ಲೇವ್’ ಎಂಬ ಪದ ನೀವು ಎಣಿಸಿದಷ್ಟು ಸಿಗುವುದಿಲ್ಲ. ‘ಸರ್ವೆಂಟ್’, ‘ಹ್ಯಾಂಡ್ಸ್’, ‘ನಮ್ಮ ಜನ’, ‘ಕರಿ ಬಿಳಿ ಎರಡೂ ಸೇರಿದ ನಮ್ಮ ಕುಟುಂಬ’ ಎಂಬಂಥ ಮಾತುಗಳು ಸಿಗುತ್ತವೆ. ನಾರ್ಕಂನ ಜಾಹೀರಾತು ಕೂಡ ಹ್ಯಾರಿಯೆಟ್‌ಳನ್ನು ಕರೆಯುವುದು ‘ಸರ್ವೆಂಟ್ ಗರ್ಲ್’ ಅಂತಲೇ. ನಾನು ಮೊದಲ ಸಲ ಇಂಥ ಪತ್ರವೊಂದನ್ನು ಕನ್ನಡಕ್ಕೆ ತಂದಾಗ ‘ಮನೆಗೆಲಸದವಳು’ ಎಂದು ಬರೆದೆ. ಓದಿದ ಗೆಳತಿ ಅವಳಿಗೆ ಸಂಬಳ ಎಷ್ಟಿತ್ತು ಅಂತ ಕೇಳಿದಳು. ನನ್ನ ಒಂದು ಪದ ಒಬ್ಬ ಹೆಂಗಸಿನ ಇಡೀ ಸ್ಥಿತಿಯನ್ನೇ ಮರೆಮಾಡಿತ್ತು. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

‘ಜೀತದಾಳು’ ಅನ್ನುವುದೂ ಸರಿಯಲ್ಲ. ನಮ್ಮ ಜೀತ ಸಾಲಕ್ಕೆ ಕಟ್ಟಿಹಾಕಿದ ದುಡಿಮೆ. 1976ರಲ್ಲಿ ಕಾನೂನು ತಂದು ಅದನ್ನು ರದ್ದು ಮಾಡಬೇಕಾದಷ್ಟು ಕ್ರೂರವಾದದ್ದು ನಿಜ. ಆದರೆ ಅಮೆರಿಕದಲ್ಲಿ ಮನುಷ್ಯರೇ ಕಾನೂನಿನ ಪ್ರಕಾರ ಸ್ವತ್ತು. ಅವರನ್ನು ಮಾರಬಹುದಿತ್ತು, ಅಡಮಾನ ಇಡಬಹುದಿತ್ತು, ಉಯಿಲಿನಲ್ಲಿ ಬರೆಯಬಹುದಿತ್ತು. ಎರಡೂ ಬೇರೆ ಕ್ರೌರ್ಯಗಳು, ಒಂದರ ಹೆಸರನ್ನು ಇನ್ನೊಂದಕ್ಕೆ ಕೊಟ್ಟರೆ ಎರಡೂ ಮಸುಕಾಗುತ್ತವೆ. ನಾನು ಪತ್ರದ ಒಳಗೆ ‘ಸರ್ವೆಂಟ್’ ಅನ್ನು ಹಾಗೇ ಉಳಿಸಿ, ನನ್ನ ವಿವರಣೆಯಲ್ಲಿ ‘ಗುಲಾಮಗಿರಿಯಲ್ಲಿದ್ದ ಹೆಂಗಸು’ ಅಂತ ಬರೆಯುತ್ತೇನೆ. ಬೈಗುಳದ ಪದಗಳನ್ನು ಮೂಲದ ನಕಲಿನಲ್ಲಿ ಅಳಿಸುವುದಿಲ್ಲ, ನನ್ನ ಮಾತಿನಲ್ಲಿ ಬಳಸುವುದಿಲ್ಲ.

ಉತ್ತರದ ಪತ್ರಗಳಲ್ಲೂ ಒಂದು ಬಲೆ ಇದೆ. ಗುಲಾಮಗಿರಿ ಕೆಟ್ಟದ್ದು ಅಂದವರೆಲ್ಲಾ ನಿರ್ಮೂಲನವಾದಿಗಳಲ್ಲ, ಅಂದರೆ ಅದನ್ನು ಪೂರ್ತಿ ತೊಡೆದುಹಾಕಬೇಕು ಅನ್ನುವವರಲ್ಲ. 1816ರಲ್ಲಿ ಹುಟ್ಟಿದ ಅಮೆರಿಕನ್ ಕಾಲನೈಸೇಶನ್ ಸೊಸೈಟಿಯವರು ಬಿಡುಗಡೆಯಾದ ಕರಿಯರನ್ನು ಆಫ್ರಿಕಾಕ್ಕೆ ಕಳಿಸಬೇಕು ಎನ್ನುತ್ತಿದ್ದರು. ‘ಕಾಲನೈಸೇಶನ್’ ಪದ ಕಂಡರೆ ಬರೆದವರು ಯಾವ ಕಡೆ ಅಂತ ಮತ್ತೊಮ್ಮೆ ನೋಡಿ. ನಿರ್ಮೂಲನವಾದಿಗಳೂ 1840ರಲ್ಲಿ ಒಡೆದು ಎರಡಾದರು. ಆ ನಂತರದ ಪತ್ರಗಳ ‘ಹೊಸ ಸಂಘಟನೆ’ ಎಂಬ ಸಿಟ್ಟಿನ ಮಾತು ಆ ಜಗಳದ್ದು.

ಹಂತ 9: ಮಾತು ಯಾರದ್ದು, ಕೈ ಯಾರದ್ದು

ನಾರ್ತ್ ಕೆರೊಲಿನಾದಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನು 1830ರ ಕಾನೂನು ನಿಷೇಧಿಸಿತ್ತು. ಹಾಗಾಗಿ ಗುಲಾಮಗಿರಿಯಲ್ಲಿದ್ದವರ ಎಷ್ಟೋ ಪತ್ರಗಳು ಬೇರೆಯವರ ಕೈಯಲ್ಲಿ ಬರೆಸಿದವು. ಡ್ಯೂಕ್ ಸಂಗ್ರಹದಲ್ಲಿ ವೈಲೆಟ್ ಲೆಸ್ಟರ್ ಎಂಬ ಹೆಂಗಸಿನ 1857ರ ಪತ್ರವಿದೆ. ಜಾರ್ಜಿಯಾಕ್ಕೆ ಮಾರಾಟವಾಗಿ ಹೋದ ಆಕೆ ತನ್ನ ಹಳೆಯ ಮನೆಯವರಿಗೆ ಬರೆಸಿದ್ದಾಳೆ. ತನ್ನ ಪುಟ್ಟ ಮಗಳು ಏನಾದಳು ಅಂತ ಕೇಳುತ್ತಾಳೆ. ಇಂಥ ಪತ್ರ ಓದುವಾಗ ಮೂರು ಪ್ರಶ್ನೆ ಹಾಕಿಕೊಳ್ಳಿ: ಬರೆದ ಕೈ ಯಾರದ್ದು? ಒಡೆಯ ಇದನ್ನು ಓದುತ್ತಾನೆ ಅಂತ ಆಕೆಗೆ ಗೊತ್ತಿತ್ತೇ? ಆ ಭಯದ ನಡುವೆಯೂ ಯಾವ ಮಾತು ಬಿಡದೆ ಹೇಳಿದ್ದಾಳೆ? ಒಡೆಯರ ಬಗ್ಗೆ ಬಂದ ಹೊಗಳಿಕೆಯನ್ನು ಅಕ್ಷರಶಃ ನಂಬಬೇಡಿ. ಅದು ಮಗಳ ಸುದ್ದಿ ಪಡೆಯಲು ಕೊಟ್ಟ ಸುಂಕ ಆಗಿರಬಹುದು.

ಹಂತ 10: ಇನ್ನೊಂದು ಊರಿನ ಪೆಟ್ಟಿಗೆ

ಒಂದೇ ಸಂಗ್ರಹದಲ್ಲಿ ಕಥೆ ಮುಗಿಯುವುದು ಅಪರೂಪ. ಒಡೆಯನ ಕಡೆಯ ಕಾಗದ ನಾರ್ತ್ ಕೆರೊಲಿನಾದ ರಾಜಧಾನಿ ರಾಲಿಯಲ್ಲಿ, ಹ್ಯಾರಿಯೆಟ್‌ಳ ಪತ್ರ ರಾಚೆಸ್ಟರ್‌ನಲ್ಲಿ. ಗ್ರಿಮ್ಕೆ ಮನೆತನವೂ ಹೀಗೇ. ಚಾರ್ಲ್ಸ್‌ಟನ್‌ನ ಗುಲಾಮ ಒಡೆಯರ ಮನೆಯಲ್ಲಿ ಹುಟ್ಟಿ ಗುಲಾಮಗಿರಿ ವಿರುದ್ಧ ನಿಂತ ಸಾರಾ ಮತ್ತು ಏಂಜಲಿನಾ ಸೋದರಿಯರ ಪತ್ರಗಳು ಮಿಷಿಗನ್ ವಿಶ್ವವಿದ್ಯಾಲಯದ ಕ್ಲೆಮೆಂಟ್ಸ್ ಲೈಬ್ರರಿಯಲ್ಲಿವೆ. ಅವರ ಸೋದರ ಹೆನ್ರಿಗೆ ಗುಲಾಮಗಿರಿಯಲ್ಲಿದ್ದ ನ್ಯಾನ್ಸಿ ವೆಸ್ಟನ್ ಎಂಬುವಳಲ್ಲಿ ಹುಟ್ಟಿದ ಮಕ್ಕಳಿದ್ದಾರೆ ಅಂತ ಸೋದರಿಯರಿಗೆ ತಿಳಿದದ್ದು 1868ರಲ್ಲಿ, ಪತ್ರಿಕೆಯಲ್ಲಿ ಕಂಡ ಒಂದು ಹೆಸರಿನಿಂದ. ಆ ಮಕ್ಕಳಾದ ಆರ್ಚಿಬಾಲ್ಡ್ ಮತ್ತು ಫ್ರಾನ್ಸಿಸ್ ಕಾಗದಗಳು ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿವೆ.

ಜನಗಣತಿಯನ್ನೂ ಪಕ್ಕಕ್ಕೆ ಇಟ್ಟು ನೋಡಿ. 1850 ಮತ್ತು 1860ರ ಗುಲಾಮ ಪಟ್ಟಿಗಳಲ್ಲಿ ಇರುವುದು ಒಡೆಯನ ಹೆಸರು. ಗುಲಾಮಗಿರಿಯಲ್ಲಿದ್ದವರದ್ದು ಸಾಮಾನ್ಯವಾಗಿ ವಯಸ್ಸು, ಲಿಂಗ, ಬಣ್ಣ ಮಾತ್ರ. ಅವರೆಲ್ಲರನ್ನೂ ಹೆಸರು ಹಿಡಿದು ಬರೆದ ಮೊದಲ ಜನಗಣತಿ 1870ರದು. ನಡುವಿನ ಕೊಂಡಿಗೆ 1865ರಲ್ಲಿ ಶುರುವಾಗಿ 1872ರವರೆಗೆ ನಡೆದ ಫ್ರೀಡ್‌ಮೆನ್ಸ್ ಬ್ಯೂರೋ, ಅಂದರೆ ಬಿಡುಗಡೆಯಾದವರಿಗೆ ನೆರವಾಗಲು ಇದ್ದ ಸರ್ಕಾರಿ ಇಲಾಖೆಯ, ದಾಖಲೆ ನೋಡಿ. ನಿಮ್ಮ ಶೀಟಿನ ವಯಸ್ಸಿನ ಕಾಲಂ ಈಗ ಕೆಲಸಕ್ಕೆ ಬರುತ್ತದೆ. ವಯಸ್ಸಿನಲ್ಲಿ ಐದಾರು ವರ್ಷ ಹೆಚ್ಚುಕಡಿಮೆ ಇದ್ದರೆ ತಳ್ಳಿಹಾಕಬೇಡಿ. ಹುಟ್ಟಿದ ದಿನವನ್ನು ತಿಳಿಯುವ ಅವಕಾಶವನ್ನೇ ಅವರಿಗೆ ಕೊಟ್ಟಿರಲಿಲ್ಲ.

ಹಂತ 11: ವಿಳಾಸ ಬರೆದಿಡಿ, ಲೈಬ್ರರಿಯವರನ್ನು ಕೇಳಿ

ಪ್ರತಿ ಕಾಗದಕ್ಕೂ ಆಗಲೇ ಬರೆದಿಡಿ: ಯಾರಿಂದ ಯಾರಿಗೆ, ತಾರೀಖು, ಸಂಗ್ರಹದ ಹೆಸರು, ಪೆಟ್ಟಿಗೆ, ಫೋಲ್ಡರ್, ಲೈಬ್ರರಿ, ಊರು. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಆರು ತಿಂಗಳ ನಂತರ ಅದು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ. ಚಿತ್ರ ಅಚ್ಚು ಹಾಕುವುದಿದ್ದರೆ ಆ ಲೈಬ್ರರಿಯ ನಿಯಮ ಓದಿ.

ಸ್ಕ್ಯಾನ್ ಆಗದ ಫೋಲ್ಡರ್ ಬೇಕಿದ್ದರೆ ಇಮೇಲ್ ಮಾಡಿ. ‘ಗುಲಾಮಗಿರಿ ಬಗ್ಗೆ ಏನಿದೆ’ ಅಂತ ಕೇಳಬೇಡಿ. ಪೆಟ್ಟಿಗೆ ಸಂಖ್ಯೆ, ಫೋಲ್ಡರ್ ಸಂಖ್ಯೆ, ವರ್ಷ, ನೀವು ಹುಡುಕುತ್ತಿರುವ ಹೆಸರು, ಆ ಹೆಸರು ಈಗಾಗಲೇ ಎಲ್ಲಿ ಸಿಕ್ಕಿದೆ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಪ್ರತಿ ತೆಗೆದುಕೊಡಲು ಶುಲ್ಕ ಇದೆಯೇ ಅಂತಲೂ ಅದರಲ್ಲೇ ಕೇಳಿ. ಉತ್ತರ ಬರಲು ದಿನಗಳು ಹಿಡಿಯಬಹುದು. ಅಷ್ಟರಲ್ಲಿ ನಾಲ್ಕನೇ ಹಂತದ ಶೀಟ್ ತೆಗೆದು, ತಾಯಿಯ ಕಾಲಂ ಇನ್ನೂ ಖಾಲಿ ಇರುವ ಹೆಸರುಗಳ ಮೇಲೆ ಕೂರಿ.